ಕುದುರೆ ಮುಖದವನೂ ಲೊರೆದಾನಾಳ ಮೆಟ್ಟಿನಂಗಡಿಯೂ

ಲೊರೆದಾನಾ ಮಾರುತ್ತಿದ್ದ ಮೆಟ್ಟುಗಳನ್ನು ಹಾಕಿಕೊಂಡು ಈ ಭೂಮಿಯ ಮೇಲೆ ಒಂದು ಹೆಜ್ಜೆ ಇಟ್ಟವರು ಯಾರೂ ಇಲ್ಲ. ಅವಕ್ಕೆ ತೊಗಲಿಲ್ಲ, ಅಂಟಿಲ್ಲ, ಮೊಳೆಯಿಲ್ಲ. ಮಳೆಯಲ್ಲಿ ನೆನೆಯುವುದಿಲ್ಲ, ಹೊಸದರಲ್ಲಿ ಕಚ್ಚುವುದೂ ಇಲ್ಲ. ಅವಳ ಅಂಗಡಿ ಇದ್ದದ್ದು ಕಂಪ್ಯೂಟರಿನೊಳಗಿನ ಒಂದು ಲೋಕದಲ್ಲಿ. ಪ್ರಪಂಚದ ಮೂಲೆ ಮೂಲೆಯ ಜನ ತಮ್ಮ ತಮ್ಮ ಮನೆಗಳಲ್ಲಿ ಹರಕು ಪೈಜಾಮ ಹಾಕಿಕೊಂಡು ಕೂತು, ಆ ಲೋಕದಲ್ಲಿ ಒಂದೊಂದು ಅವತಾರ ಎತ್ತಿ ಓಡಾಡುತ್ತಾರೆ. ಮನೆ ಕಟ್ಟುತ್ತಾರೆ, ಮದುವೆಯಾಗುತ್ತಾರೆ, ಜಗಳವಾಡಿ ಬೇರೆಯಾಗುತ್ತಾರೆ. ಇಷ್ಟೆಲ್ಲ ಮಾಡುವವರ ಕಾಲಿಗೆ ಮೆಟ್ಟು ಬೇಡವೇ? ಬೇಕು. ಆ ಮೆಟ್ಟಿಗೆ ಅವರು ಕೊಡುವ ಅಲ್ಲಿಯ ಕಾಸು ಕೊನೆಗೆ ಯೂರೋ ಆಗಿ ಲೊರೆದಾನಾಳ ಬ್ಯಾಂಕಿಗೆ ಬರುತ್ತಿತ್ತು. ಅವಳ ತಾಯಿ ಎರ್ಮೀನಿಯಾ ಆ ಲೋಕಕ್ಕೆ ‘ಇಲ್ಲದೂರು’ ಎಂದು ಹೆಸರಿಟ್ಟಿದ್ದಳು. ಮುದುಕಿ ಇಟ್ಟ ಹೆಸರು ನಮ್ಮೂರಿನ ಬಾಯಿಗೆಲ್ಲ ಹತ್ತಿಬಿಟ್ಟಿತು.

ಇಟಲಿಯ ನಮ್ಮ ಮೊಂತೆಗ್ರಾನಾರೊದಲ್ಲಿ ಮೆಟ್ಟಿನ ಸಂಬಂಧವಿಲ್ಲದ ಮನೆ ಹುಡುಕುವುದು ಕಷ್ಟ. ಇಲ್ಲಿಯ ಕೂಸುಗಳಿಗೆ ಹಾಲಿನ ವಾಸನೆಗಿಂತ ಮೊದಲು ಅಂಟಿನ ವಾಸನೆ ಗೊತ್ತಾಗುತ್ತದೆ. ಎರ್ಮೀನಿಯಾ ಅಡುಗೆಮನೆಯ ಕಿಟಕಿಯ ಪಕ್ಕ ಹೊಲಿಗೆ ಯಂತ್ರ ಇಟ್ಟುಕೊಂಡು, ಕಾರ್ಖಾನೆಯವರು ಕತ್ತರಿಸಿ ಕಳಿಸಿದ ತೊಗಲಿನ ತುಂಡುಗಳನ್ನು ಜೋಡಿಸಿ ಹೊಲಿಯುತ್ತಲೇ ಮುದುಕಿಯಾದವಳು. ಅವಳ ಹೊಲಿಗೆ ಮಿಲಾನೊದ, ಪ್ಯಾರಿಸ್ಸಿನ ಸಿರಿವಂತೆಯರ ಕಾಲು ಸೇರಿತು. ಅವಳ ಕಾಲಿಗೆ ಮಾತ್ರ ಜನ್ಮವಿಡೀ ಬಟ್ಟೆಯ ಚಪ್ಪಲಿ. ಪೆಡಲು ತುಳಿದೂ ತುಳಿದೂ ಬೆರಳು ಸೊಟ್ಟಗಾದವು, ಮಂಡಿ ಊದಿಕೊಂಡವು. ಈಗ ವಾಕರ್ ತಳ್ಳಿಕೊಂಡು ನಡೆಯುತ್ತಾಳೆ. ಕಾಲು ಕೆಟ್ಟರೂ ಬಾಯಿ ಕೆಟ್ಟಿಲ್ಲ.

ಮಗಳು ಲೊರೆದಾನಾ ಕಾರ್ಖಾನೆಯಲ್ಲಿ ಹೊಸ ಮಾದರಿಗಳನ್ನು ಬರೆದು ಕತ್ತರಿಸುವ ಕೆಲಸದಲ್ಲಿದ್ದಳು. ಒಂದು ಕ್ರಿಸ್‌ಮಸ್ಸಿಗೆ ಯಜಮಾನ ಎಲ್ಲರನ್ನೂ ಕರೆದು, ಗಳಗಳನೆ ಅತ್ತು, ತಲೆಗೊಂದು ಪನೆತ್ತೋನೆ ಕೇಕು ಹಂಚಿ, ಕಾರ್ಖಾನೆಯನ್ನು ಸಮುದ್ರದಾಚೆಗೆ ಸಾಗಿಸಿಬಿಟ್ಟ. ಗಂಡ ಅದಕ್ಕೂ ಮೊದಲೇ ಹಲ್ಲಿನ ಡಾಕ್ಟರ ಸಹಾಯಕಿಯೊಬ್ಬಳ ಜೊತೆ ಸಾಗಿದ್ದ. ಎರಡರಲ್ಲಿ ಕಾರ್ಖಾನೆ ಹೋದದ್ದಕ್ಕೇ ಅವಳಿಗೆ ಹೆಚ್ಚು ದುಃಖವಾಯಿತು. ಕೆಲಸವಿಲ್ಲದೆ ಕೂತ ದಿನಗಳಲ್ಲಿ ಹೊತ್ತು ಕಳೆಯಲು ಇಲ್ಲದೂರಿಗೆ ಕಾಲಿಟ್ಟಳು. ಅಲ್ಲಿ ನೋಡಿದರೆ ಹೆಂಗಸರೆಲ್ಲ ರಂಭೆ ಊರ್ವಶಿಯರು, ಕಾಲಿಗೆ ಮಾತ್ರ ಬ್ರೆಡ್ಡಿನ ತುಂಡು ಕಟ್ಟಿಕೊಂಡಂಥ ಮೆಟ್ಟುಗಳು. ನಮ್ಮೂರಿನ ರಕ್ತಕ್ಕೆ ಅದನ್ನು ಸಹಿಸಲಾಗಲಿಲ್ಲ. ಒಂದು ಜೊತೆ ತಾನೇ ಮಾಡಿದಳು. ದಾರಿಯಲ್ಲಿ ಯಾರೋ ನಿಲ್ಲಿಸಿ, ಎಲ್ಲಿ ತಗೊಂಡೆ ಎಂದು ಕೇಳಿದರು. ಹೀಗೆ ಶುರುವಾದ ಅಂಗಡಿ ತಾಯಿ ಮಗಳ ಹೊಟ್ಟೆ ಬಟ್ಟೆಗೆ ಸಾಕಾಗುವಷ್ಟು ಬೆಳೆಯಿತು.

ಅಂಗಡಿ ಒಂದು ಪುಟ್ಟ ದ್ವೀಪದ ದಂಡೆಯ ಮೇಲೆ. ಅದರ ನೆತ್ತಿಯ ಮೇಲೆ, ಬರೀ ಗಾಳಿಯಲ್ಲಿ, ಅವಳ ಕೆಲಸದ ಕೋಣೆ. ಇಲ್ಲದೂರಿನಲ್ಲಿ ಮನೆ ನಿಲ್ಲಲು ಕಂಬ ಬೇಕಿಲ್ಲವಲ್ಲ. ಅಲ್ಲಿ ಕೂತು ಅವಳು ಮೆಟ್ಟು ಮಾಡುತ್ತಿದ್ದಳು. ಕಳೆದ ದ್ರಾಕ್ಷಿ ಕೊಯ್ಲಿನ ಹೊತ್ತಿಗೆ ಆ ಕೋಣೆಗೆ ಒಬ್ಬ ಬರತೊಡಗಿದ. ಕುದುರೆಯ ತಲೆ, ಮನುಷ್ಯನ ಮೈ, ಮೈ ಮೇಲೆ ಕಂದು ಕೋಟು. ಹಾರಿ ಬರುತ್ತಿದ್ದ, ಮೂಲೆಯಲ್ಲಿ ನಿಲ್ಲುತ್ತಿದ್ದ, ಅವಳು ಮಾಡುವುದನ್ನು ನೋಡುತ್ತಿದ್ದ. ಏನು ಬೇಕು ಎಂದು ಕೇಳಿದರೆ ಉತ್ತರವಿಲ್ಲ. ಹೋಗು ಎಂದರೆ ಹೋಗುತ್ತಿದ್ದ, ಮಾರನೆಯ ದಿನ ಮತ್ತೆ ಹಾಜರು. ಒಂದು ದಿನ ಅದೇನು ಒತ್ತಿಕೊಂಡನೋ, ಇದ್ದಕ್ಕಿದ್ದಂತೆ ಸೊಂಟ ಕುಣಿಸಿ ಸಾಂಬಾ ಕುಣಿದು, ತಾನೇ ಗಾಬರಿಯಾಗಿ ಮಾಯವಾದ.

ಲೊರೆದಾನಾಳಿಗೆ ರೇಗಿಹೋಯಿತು. ಜನವರಿ ಮೊದಲ ವಾರದ ಬೆಫಾನಾ ಹಬ್ಬ ಕಳೆದ ಮೇಲೆ ಒಂದು ಕಾವಲು ಗುಂಡನ್ನು ಕೊಂಡು ತಂದು ಕೆಲಸದ ಕೋಣೆಯ ನಡುವೆ ನೇತುಹಾಕಿದಳು. ಇಲ್ಲದೂರಿನಲ್ಲಿ ನಾಯಿಯ ಬದಲು ಇದನ್ನು ಸಾಕುತ್ತಾರೆ. ಮಾಲೀಕಳನ್ನೂ ಅವಳು ಕೊಟ್ಟ ಬಿಲ್ಲೆ ತೊಟ್ಟ ಗೆಳೆಯರನ್ನೂ ಬಿಟ್ಟು ಇನ್ನು ಯಾರೇ ಹತ್ತಿರ ಬಂದರೂ ಹತ್ತು ಎಣಿಸುವಷ್ಟರಲ್ಲಿ ಎತ್ತಿ ಸಮುದ್ರಕ್ಕೆ ಎಸೆಯುತ್ತದೆ. ಎಷ್ಟು ದೂರದವರೆಗೆ ಕಾಯಬೇಕು ಎಂದು ಗುಂಡು ಕೇಳಿತು. ಲೊರೆದಾನಾ ಹೋಟೆಲಿಗೆ ಹೋದರೆ ಸಕ್ಕರೆ ಪೊಟ್ಟಣಗಳನ್ನೂ ಬಿಡದೆ ಕೈಚೀಲಕ್ಕೆ ಹಾಕಿಕೊಳ್ಳುವ ಪೈಕಿ. ಕೊಟ್ಟ ಕಾಸಿಗೆ ಪೂರ್ತಿ ದುಡಿಯಲಿ ಎಂದು, ಎಷ್ಟು ದೂರ ಆಗುತ್ತದೋ ಅಷ್ಟೂ ಎಂದು ಒತ್ತಿದಳು. ಕುದುರೆ ಮುಖದವನು ಮತ್ತೆ ಬರಲಿಲ್ಲ. ಪೀಡೆ ತೊಲಗಿತು ಎಂದು ಆ ದಿನ ಒಂದು ಲೋಟ ವೈನ್ ಹೆಚ್ಚು ಕುಡಿದಳು.

ವ್ಯಾಪಾರ ನೆಲಕಚ್ಚಿದ್ದೂ ಆಗಲೇ. ಆದರೆ ಅವಳಿಗೆ ಎರಡಕ್ಕೂ ಸಂಬಂಧ ಕಾಣಲಿಲ್ಲ. ಇಲ್ಲದೂರಿನ ವ್ಯಾಪಾರವೇ ಹಾಗೆ, ಇದ್ದಕ್ಕಿದ್ದ ಹಾಗೆ ಒಣಗುತ್ತದೆ, ಇದ್ದಕ್ಕಿದ್ದ ಹಾಗೆ ಚಿಗುರುತ್ತದೆ. ಅಲ್ಲಿಯ ಅಂಗಡಿಯವರೆಲ್ಲ ಸೇರಿ ಹರಟುವ ಒಂದು ಕಟ್ಟೆಯಿತ್ತು. ಲೊರೆದಾನಾ ಅಲ್ಲಿಗೆ ಹೋಗಿ ಗೋಳು ತೋಡಿಕೊಂಡಳು.

ಅಲ್ಲಿ ಕಾರಣಗಳಿಗೆ ಬರವೇ ಇರಲಿಲ್ಲ. ಅಮೆರಿಕದವರು ತೆರಿಗೆ ಕಟ್ಟುವ ಕಾಲ ಎಂದ ಒಬ್ಬ. ಬ್ರೆಜಿಲ್‌ನವರು ಕಾರ್ನಿವಾಲಿಗೆ ಹೋಗಿದ್ದಾರೆ ಎಂದ ಇನ್ನೊಬ್ಬ. ಹುಡುಕಾಟದ ಪುಟದಲ್ಲಿ ಸಣ್ಣವರನ್ನು ಬೇಕಂತಲೇ ಕೆಳಗೆ ತುಳಿಯುತ್ತಿದ್ದಾರೆ ಎಂದು, ಮರದ ಕುರ್ಚಿಗಳನ್ನು ಮಾರುವ ಜರ್ಮನ್ ಮುದುಕ ದಿನವೂ ಬೊಬ್ಬೆ ಹಾಕುತ್ತಿದ್ದ. ಅವನ ಕುರ್ಚಿಯಲ್ಲಿ ಕೂತವರು ನೆಲದೊಳಗೆ ಅರ್ಧ ಹೂತುಹೋಗುತ್ತಿದ್ದರು, ಆ ವಿಷಯ ಅವನಿಗೆ ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ಹಾಲೆಂಡಿನ ಮಾರ್ಗ್ರೀತ್ ಮಾತ್ರ ಸ್ವಲ್ಪ ತಲೆಯಿದ್ದವಳು. ಕೃತಕ ಕೂದಲು ಮಾರುತ್ತಿದ್ದಳು, ಲೊರೆದಾನಾಳ ಆಪ್ತ ಗೆಳತಿ, ಅವಳ ಬಿಲ್ಲೆ ಸದಾ ತೊಟ್ಟಿರುತ್ತಿದ್ದಳು.

“ನಾನೇ ಬಂದು ನೋಡ್ತೀನಿ ತಾಳು,” ಎಂದ ಮಾರ್ಗ್ರೀತ್ ಅಂಗಡಿಗೆ ಬಂದು, ಮೂಲೆ ಮೂಲೆ ಸುತ್ತಿ, ಅರ್ಧ ದಿನ ಕಳೆದಳು. “ಎಲ್ಲಾ ಸರಿಯಾಗೇ ಇದೆಯಲ್ಲೇ. ಬಾಗಿಲು ತೆರೀತದೆ, ಬೆಳಕಿದೆ, ಮಾಲು ಚೆನ್ನಾಗಿದೆ. ಬೆಲೆ ಜಾಸ್ತಿಯಾಯ್ತೇನೋ.”

ಲೊರೆದಾನಾ ಬೆಲೆ ಅರ್ಧಕ್ಕೆ ಇಳಿಸಿದಳು. ಏನೂ ಆಗಲಿಲ್ಲ. ಅಗ್ಗದ ಮಾಲಿಗೆ ಬೆಲೆಯಿಲ್ಲ ಎಂದು ಯಾರೋ ಹೇಳಿದರು, ದುಪ್ಪಟ್ಟು ಏರಿಸಿದಳು. ಅದೂ ಆಗಲಿಲ್ಲ. ಬಾಗಿಲಲ್ಲಿ ಪುಕ್ಕಟೆ ಚಪ್ಪಲಿಗಳ ಬುಟ್ಟಿ ಇಟ್ಟಳು. ಪುಕ್ಕಟೆ ಮಾಲನ್ನೂ ಯಾರೂ ಮುಟ್ಟಲಿಲ್ಲ! ಅಂಗಡಿಗೆ ಬಣ್ಣ ಬಳಿದಳು, ಬಾಗಿಲನ್ನು ಪೂರ್ವಕ್ಕೆ ತಿರುಗಿಸಿದಳು, ಹಾಡು ಹಾಕಿದಳು, ಹಾಡು ತೆಗೆದಳು. ಅಷ್ಟರಲ್ಲಿ ಇಲ್ಲದೂರಿನಲ್ಲಿ ಇನ್ನೊಂದು ಅನಾಹುತವಾಯಿತು. ಅವತಾರಗಳಿಗೆ ಮೈಗಳನ್ನು ಮಾಡಿ ಮಾರುವ ಒಬ್ಬಾಕೆ ಹೊಸ ಬಗೆಯ ಮೈ ಬಿಟ್ಟಳು, ಹೆಂಗಸರೆಲ್ಲ ಮುಗಿಬಿದ್ದು ಅದನ್ನೇ ಕೊಂಡರು. ಬುಧವಾರ ಬೆಳಗಾಗುವುದರೊಳಗೆ ಒಂದು ಲೋಕದ ಕಾಲುಗಳೆಲ್ಲ ಬದಲಾಗಿಹೋದವು. ಹಿಮ್ಮಡಿ ಸಣ್ಣ, ಬೆರಳು ಉದ್ದ, ಹಳೆಯ ಮೆಟ್ಟಿನ ಪಕ್ಕದಿಂದ ಕಿರುಬೆರಳು ಹೊರಗೆ ಇಣುಕುತ್ತಿತ್ತು. ಇದೇ ಕಾರಣ ಎಂದು ಲೊರೆದಾನಾಳಿಗೆ ಹೋದ ಜೀವ ಬಂದಂತಾಯಿತು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತು, ಅಂಗಡಿಯ ಒಂದೊಂದು ಮೆಟ್ಟನ್ನೂ ಹೊಸ ಕಾಲಿಗೆ ತಕ್ಕಂತೆ ಮಾಡಿದಳು.

ಆಗಲೂ ಒಂದು ಜೊತೆಯೂ ಹೋಗಲಿಲ್ಲ.

ಜನ ಬರುತ್ತಿರಲಿಲ್ಲವೆಂದಲ್ಲ. ಅದೇ ಅವಳ ಕರುಳು ಹಿಂಡುತ್ತಿದ್ದದ್ದು. ನಕ್ಷೆಯಲ್ಲಿ ಹಸಿರು ಚುಕ್ಕೆಗಳು ಕಾಣುತ್ತಿದ್ದವು. ಬಂದು ಇಳಿಯುವವು, ಎರಡು ಹೆಜ್ಜೆ ಒಳಗೆ ಹೋಗುವವು, ಮಾಯವಾಗುವವು. ಅವಳು ಅಂಗಡಿಯಲ್ಲೇ ನಿಂತು ನೋಡಿದಳು. ಚಿನ್ನದ ಬಣ್ಣದ ಒಬ್ಬಳು ಬಂದಳು, ಕಪಾಟಿನ ಕಡೆ ತಿರುಗಿದಳು, ಇಲ್ಲವಾದಳು. ಅಂಗಡಿಯವಳು ಎದೆಯ ಮೇಲೆ ಬಂದು ನಿಂತರೆ ಯಾರು ತಾನೇ ಕೊಳ್ಳುತ್ತಾರೆ, ದೂರ ಇರು ಎಂದಳು ಮಾರ್ಗ್ರೀತ್. ಲೊರೆದಾನಾ ದೂರ ಇದ್ದಳು. ಬಂದವರು ಆಗಲೂ ಓಡಿಹೋದರು. ಅವಳಿಗೆ ಉಳಿದದ್ದು ಒಂದೇ ಅರ್ಥ: ನಾನು ಮಾಡಿದ್ದನ್ನು ನೋಡಿದ ಕೂಡಲೇ ಜನಕ್ಕೆ ಅಸಹ್ಯವಾಗುತ್ತಿದೆ. ಐವತ್ತಾರು ವರ್ಷದ ಹೆಂಗಸು, ಗಂಡ ಬಿಟ್ಟಾಗ ಅಳದವಳು, ಬಚ್ಚಲಿನಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತಳು.

ನಲ್ಲಿಯ ಸದ್ದಿಗೆ ಎರ್ಮೀನಿಯಾ ಮೋಸಹೋಗುವವಳಲ್ಲ.

“ನೀರಿಗೆ ದುಡ್ಡು ಕಟ್ಬೇಕು ಲೊರೀ. ಅಳೋದಿದ್ರೆ ಇಲ್ಲಿ ಬಂದು ಅಳು, ಆಲಿವ್ ತುಂಬ್ತಾ ಅಳು,” ಎಂದು ಅಡುಗೆಮನೆಯಿಂದ ಕೂಗಿದಳು.

ಲೊರೆದಾನಾ ಮೂಗು ಒರೆಸಿಕೊಂಡು ಬಂದು ಕೂತಳು. ಭಾನುವಾರಕ್ಕೆಂದು ಮುದುಕಿ ಆಲಿವ್ ಕಾಯಿಗಳ ಬೀಜ ತೆಗೆದು, ಒಳಗೆ ಮಾಂಸದ ಖೀಮಾ ತುಂಬುತ್ತಿದ್ದಳು.

“ಕಾಲೇ ಇಲ್ದೋರಿಗೆ ಮೆಟ್ಟು ಮಾಡ್ತೀಯ,” ಎಂದಳು ಎರ್ಮೀನಿಯಾ. “ಇವತ್ತಲ್ಲ ನಾಳೆ ಅವರಿಗೇ ಗೊತ್ತಾಗಲ್ವಾ, ನಮಗೆ ಕಾಲಿಲ್ಲ ಅಂತ? ಗೊತ್ತಾಗಿದೆ ಈಗ.”

“ಅಮ್ಮಾ, ಗಾಯಕ್ಕೆ ಉಪ್ಪು ಹಾಕ್ಬೇಡ. ತಲೆಕೆಟ್ಟು ಕೆರ ಆಗಿದೆ ನಂಗೆ.”

“ಆ ಕೆರನಾದ್ರೂ ಯಾರಾದ್ರೂ ತಗೋತಾರಾ ಕೇಳ್ನೋಡು.”

ಮುದುಕಿಯ ಚೇಷ್ಟೆಗೆ ಮಗಳು ನಗಲಿಲ್ಲ. ತುಂಬಿದ ಆಲಿವ್ ಒಂದು ಅವಳ ಕೈಯಲ್ಲೇ ಅಪ್ಪಚ್ಚಿಯಾಯಿತು. ಎರ್ಮೀನಿಯಾ ಅದನ್ನು ನೋಡಿ, ಬಟ್ಟಲನ್ನು ಮೆಲ್ಲಗೆ ತನ್ನ ಕಡೆಗೆ ಎಳೆದುಕೊಂಡಳು.

ಆ ಹೊತ್ತಿಗೇ ಗ್ವೀದೊ ಬಂದದ್ದು. ಲೊರೆದಾನಾಳ ಚಿಕ್ಕಪ್ಪನ ಮಗ, ನಮ್ಮೂರಿನಲ್ಲಿ ಇನ್ನೂ ಮೆಟ್ಟಿನಿಂದಲೇ ದುಡ್ಡು ಮಾಡುತ್ತಿರುವ ನಾಲ್ಕು ಜನರಲ್ಲಿ ಒಬ್ಬ. ಅವನ ಮೆಟ್ಟು ಹುಟ್ಟುವುದು ಎಲ್ಲಿಯೋ, ಹಡಗಿನಲ್ಲಿ ಬಂದು ಅಂಕೋನಾದಲ್ಲಿ ಇಳಿಯುತ್ತದೆ. ಇಲ್ಲಿ ಅದಕ್ಕೆ ಒಳ್ಳೆಯ ಪೆಟ್ಟಿಗೆ, ಪೆಟ್ಟಿಗೆಯೊಳಗೆ ತೆಳು ಕಾಗದ, ಮೇಲೊಂದು ಹೊಳೆಯುವ ಚೀಟಿ.

“ಬಂದು ಚೀಟಿ ಅಂಟಿಸು ಲೊರೆದಾನಾ,” ಎಂದ ಗ್ವೀದೊ, ಬಾಯಿ ತುಂಬ ಆಲಿವ್ ಹಾಕಿಕೊಂಡು. “ಕೂತು ಮಾಡೋ ಕೆಲಸ. ಇಟಲಿಯ ಕೈ ಮುಟ್ಟಿದ ಮೆಟ್ಟು ಅಂತ ಬರ್ದಿದೀನಿ. ನೀನು ಮುಟ್ಟಿದ್ರೆ ಸುಳ್ಳೂ ಆಗಲ್ಲ ನೋಡು.”

“ನಿನ್ನ ಮೆಟ್ಟು ಅಚ್ಚಿನ ಮೇಲೆ ಸರಿಯಾಗಿ ಕೂತೇ ಇಲ್ಲ. ಹಿಮ್ಮಡಿ ಹತ್ರ ಸುಕ್ಕು.”

“ಪೆಟ್ಟಿಗೆ ಮುಚ್ಚಿದ ಮೇಲೆ ಸುಕ್ಕು ಯಾರಿಗ್ ಕಾಣತ್ತೆ? ನಿನ್ನ ಮೆಟ್ಟಂತೂ ಕೈಗೇ ಸಿಗಲ್ಲ. ನಂದು ಪಾಪ ಕೈಗಾದ್ರೂ ಸಿಗತ್ತೆ.”

ಮಾರ್ಚಿನ ಸಾನ್ ಜೂಸೆಪ್ಪೆ ಹಬ್ಬದ ತನಕ ನೋಡುತ್ತೇನೆ, ಆಮೇಲೂ ಹೀಗೇ ಇದ್ದರೆ ಹಬ್ಬ ಕಳೆದ ಸೋಮವಾರ ಬರುತ್ತೇನೆ ಎಂದು ಲೊರೆದಾನಾ ಮಾತು ಕೊಟ್ಟಳು. ಅಂಗಡಿ ಮುಚ್ಚಿದರೆ ದ್ವೀಪದ ಜಾಗ ಬೇರೆಯವರ ಪಾಲಾಗುತ್ತದೆ, ಇಷ್ಟು ವರ್ಷ ಮಾಡಿದ್ದೆಲ್ಲ ಒಂದು ಗುಂಡಿ ಒತ್ತಿದರೆ ಮಡಚಿಕೊಂಡು ಮೂಲೆ ಸೇರುತ್ತದೆ. ಯಜಮಾನನ ಕಾರ್ಖಾನೆಯಲ್ಲಿ ಅವಳು ಬರೆದ ಮಾದರಿಗಳ ಕೆಳಗೆ ಬೇರೆಯವರ ಹೆಸರು ಇರುತ್ತಿತ್ತು. ಇಲ್ಲದೂರಿನ ಅಂಗಡಿಯ ಮೇಲೆ ಮಾತ್ರ ಅವಳದೇ ಹೆಸರಿತ್ತು. ಅದು ಹೋದರೆ ಅವಳಿಗೆ ಇನ್ನೊಂದು ಮಾಡುವ ಶಕ್ತಿ ಉಳಿದಿರಲಿಲ್ಲ, ಅದು ಅವಳಿಗೇ ಗೊತ್ತಿತ್ತು.

ಸಾನ್ ಜೂಸೆಪ್ಪೆ ಬಂತು, ಹೋಯಿತು. ಯಾರೂ ಒಂದು ಚಪ್ಪಲಿಯ ಬಾರನ್ನೂ ಕೊಳ್ಳಲಿಲ್ಲ.

ಭಾನುವಾರ ಊಟವಾಗಿ, ಪಾತ್ರೆ ತೊಳೆದು, ಸಂಜೆಯಾಗುವ ಹೊತ್ತಿಗೆ ಲೊರೆದಾನಾ ಅಡುಗೆಮನೆಯ ಮೇಜಿನ ಮೇಲೆ ಕಂಪ್ಯೂಟರ್ ಇಟ್ಟುಕೊಂಡು ಕೂತಳು. ತಾಯಿ ಪಾದ್ರಿಗಳನ್ನು ನೋಡಬೇಕೆಂದು ಊಟವಾದ ಕೂಡಲೇ ಚರ್ಚಿನ ಪಕ್ಕದ ಮನೆಗೆ ಹೋಗಿದ್ದಳು. ಒಳ್ಳೆಯದೇ ಆಯಿತು, ಎದುರಿಗಿದ್ದರೆ ಬಾಯಿ ಸುಮ್ಮನಿರುತ್ತಿರಲಿಲ್ಲ ಎಂದುಕೊಂಡಳು. ಒಂದೊಂದೇ ಕಪಾಟು ಬರಿದು ಮಾಡತೊಡಗಿದಳು. ಗಂಡಸರ ಬೂಟು ಹೋಯಿತು. ಮದುವಣಗಿತ್ತಿಯರ ಬಿಳಿ ಜೋಡು ಹೋಯಿತು. ಎತ್ತರದ ಹಿಮ್ಮಡಿಯ ಕೆಂಪು ಜೋಡಿನ ಕಪಾಟಿನ ಮುಂದೆ ಬಂದಾಗ ಮಾತ್ರ ಕೈ ನಿಂತಿತು. ಅಂಗಡಿ ಶುರುವಾದಾಗ ಮೊದಲು ಮಾಡಿದ ಜೊತೆ ಅದು.

ಬಾಗಿಲು ದಢಾರನೆ ತೆರೆಯಿತು. ಮೊದಲು ವಾಕರ್, ಅದರ ಹಿಂದೆ ಎರ್ಮೀನಿಯಾ, ಅವಳ ಹಿಂದೆ ಬೆವರು ಒರೆಸಿಕೊಳ್ಳುತ್ತಾ ನಮ್ಮ ಪಾದ್ರಿ ದೋನ್ ಉಬಾಲ್ದೊ. ಅವರ ಕಂಕುಳಲ್ಲಿ ಒಂದು ಲ್ಯಾಪ್‌ಟಾಪು. ಅರವತ್ತು ದಾಟಿದ ದಪ್ಪ ಮನುಷ್ಯ, ಪ್ರವಚನಕ್ಕೆ ನಿಂತರೆ ಮುಂದಿನ ಸಾಲಿನವರೂ ತೂಕಡಿಸುತ್ತಾರೆ.

“ಎಂಥಾ ಅಂಗಡಿಯೇ ನಿಂದು?” ಎಂದು ಎರ್ಮೀನಿಯಾ ಬಾಗಿಲಿನಿಂದಲೇ ಶುರು ಮಾಡಿದಳು. “ಗಿರಾಕಿ ಬಂದ್ರೆ ಒಂದು ನಮಸ್ಕಾರ ಇಲ್ಲ, ಏನ್ ಬೇಕು ಅನ್ನೋ ಮಾತಿಲ್ಲ. ಕತ್ತು ಹಿಡ್ದು ಸಮುದ್ರಕ್ಕೆ ಎಸೆಯೋದಾ? ಬೆಕ್ಕಿನ ಮರೀನ ಎಸ್ದ ಹಾಗೆ?”

“ಯಾವ ಗಿರಾಕಿ ಅಮ್ಮಾ? ಏನ್ ಹೇಳ್ತಿದ್ದೀಯ?”

“ನಾನು ಕಣೇ! ನಿನ್ನಂಗಡಿಗೆ ಹೋಗಿದ್ದೆ. ಒಂದು ಜೊತೆ ತಗೊಳ್ಳೋಣ ಅಂತ. ಯಾರೂ ತಗೊಳ್ತಿಲ್ಲ ಅಂತ ನಲ್ಲಿ ಬಿಟ್ಕೊಂಡು ಕೂತ್ಕೋತೀಯಲ್ಲ, ಒಂದಾದ್ರೂ ಹೋಗ್ಲಿ, ಯಾರು ತಗೊಂಡ್ರು ಅಂತ ನಿಂಗೇನ್ ಗೊತ್ತಾಗತ್ತೆ ಅಂತ ಕದ್ದು ಹೋದೆ. ಬೆಲೆ ನೋಡೋಕೂ ಬಿಡ್ಲಿಲ್ಲ, ಎತ್ತಿ ಎಸ್ದೇ ಬಿಡ್ತು. ಮತ್ತೆ ಹೋದೆ. ಮತ್ತೆ ಎಸೀತು. ಮೂರನೇ ಸಲ ಈ ಪಾದ್ರಿಗಳೂ ನನ್ನ ಜೊತೆ ನೀರಿಗೆ ಬಿದ್ರು.”

ಲೊರೆದಾನಾಳ ಬಾಯಿ ತೆರೆದದ್ದು ತೆರೆದಂತೆಯೇ ಇತ್ತು. ನೀರಿಗೆ. ಎತ್ತಿ ಎಸೆಯಿತು. ನೆತ್ತಿಯ ಮೇಲಿನ ಕೋಣೆಯಲ್ಲಿ ನೇತಾಡುತ್ತಿದ್ದ ಕಾವಲು ಗುಂಡು ಅವಳ ಕಣ್ಣ ಮುಂದೆ ಬಂತು. ಎಷ್ಟು ದೂರ ಆಗುತ್ತದೋ ಅಷ್ಟೂ! ಗುಂಡು ನಾಲ್ಕೂ ದಿಕ್ಕಿಗೆ ಮಾತ್ರ ಕಾಯುತ್ತಿರಲಿಲ್ಲ, ಕೆಳಗೂ ಕಾಯುತ್ತಿತ್ತು. ಕೆಳಗೆ ಅಂಗಡಿಯಿತ್ತು. ಚಿನ್ನದ ಬಣ್ಣದವಳು ಓಡಿಹೋಗಿರಲಿಲ್ಲ, ಸಮುದ್ರದಲ್ಲಿ ಬಿದ್ದಿದ್ದಳು. ಮಾಲೀಕಳನ್ನು ಗುಂಡು ಮುಟ್ಟದು. ಬಿಲ್ಲೆ ತೊಟ್ಟ ಮಾರ್ಗ್ರೀತಳನ್ನೂ ಮುಟ್ಟದು. ಅಂಗಡಿಯಲ್ಲಿ ಎಲ್ಲ ಸರಿಯಿದೆ ಎಂದು ಹೇಳುತ್ತಾ ಬಂದವರು ಅವರಿಬ್ಬರೇ. ಹೊರಗೆ ಬಿದ್ದವರು ಯಾರೂ ದೂರು ಹೇಳಲು ಬರಲಿಲ್ಲ. ಹೊರದಬ್ಬಿಸಿಕೊಂಡವರು ಯಾಕೆ ಬರುತ್ತಾರೆ, ಮೈ ಕೊಡವಿಕೊಂಡು ಪಕ್ಕದ ದ್ವೀಪದ ಅಂಗಡಿಗೆ ಹೋದರು.

“ಅಯ್ಯೋ ನನ್ನ ಮನೆ ಹಾಳಾಗ,” ಎಂದು ಲೊರೆದಾನಾ ಹಣೆ ಚಚ್ಚಿಕೊಂಡಳು. “ನಾನೇ, ನನ್ನ ಕೈಯಾರೆ...”

ಅವಳಿಗೆ ನಗು ಬಂತೋ ಅಳು ಬಂತೋ, ಎರಡೂ ಒಟ್ಟಿಗೆ ಬಂದವು. ಜನಕ್ಕೆ ಅವಳ ಮೆಟ್ಟು ಅಸಹ್ಯವಾಗಿರಲಿಲ್ಲ. ಜನ ಅದನ್ನು ನೋಡಿಯೇ ಇರಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಅವಳ ಬುದ್ಧಿ ಇನ್ನೊಂದು ಕಡೆ ತಿರುಗಿತು. “ಅಮ್ಮಾ, ನೀನು ಹೋದದ್ದಾದ್ರೂ ಹೇಗೆ? ನಿಂಗೆ ಟೀವಿ ರಿಮೋಟೇ ಬರಲ್ಲ.”

ಎರ್ಮೀನಿಯಾ ತಿರುಗಿ ದೋನ್ ಉಬಾಲ್ದೊ ಅವರನ್ನು ನೋಡಿದಳು. ಪಾದ್ರಿಗಳು ಗೋಡೆಯ ಕ್ಯಾಲೆಂಡರನ್ನು ಬಹಳ ಶ್ರದ್ಧೆಯಿಂದ ಓದತೊಡಗಿದರು.

“ಹೇಳಿ ಪಾದ್ರಿಗಳೇ,” ಎಂದಳು ಮುದುಕಿ. “ನಮ್ಮ ಪಾಪಗಳನ್ನ ಇಷ್ಟು ವರ್ಷದಿಂದ ಜಾಲರಿ ಹಿಂದೆ ಕೂತು ಕೇಳಿದೀರಿ. ಇವತ್ತು ನಿಮ್ಮ ಸರದಿ.”

“ನಾನು... ಆಗಾಗ... ಅಲ್ಲಿಗೆ ಹೋಗ್ತಿರ್ತೀನಿ,” ಎಂದರು ದೋನ್ ಉಬಾಲ್ದೊ.

“ಯಾವ ರೂಪದಲ್ಲಿ? ಅದನ್ನ ಹೇಳಿ.”

ಪಾದ್ರಿಗಳ ಕಿವಿ ಕೆಂಪಾಯಿತು. “ತಲೆ ಸ್ವಲ್ಪ ಕುದುರೆ ಥರ ಇರತ್ತೆ.”

ಲೊರೆದಾನಾ ಕುರ್ಚಿಯಿಂದ ಎದ್ದಳು. “ನೀವಾ! ಕಂದು ಕೋಟು? ನನ್ನ ಕೋಣೆಗೆ ಬಂದು ಸಾಂಬಾ ಕುಣಿದವರು ನೀವಾ?”

“ಅದು ಬೆರಳು ತಪ್ಪಿ ಆದದ್ದು,” ಎಂದು ಪಾದ್ರಿಗಳು ಎರಡೂ ಕೈ ಎತ್ತಿದರು. “ಕುಣಿಯೋ ಉದ್ದೇಶ ಖಂಡಿತ ಇರ್ಲಿಲ್ಲ, ದೇವರಾಣೆ. ನನ್ನಪ್ಪ ಮೆಟ್ಟು ಮಾಡ್ತಿದ್ದ ಲೊರೆದಾನಾ. ನಾನು ಹುಡುಗನಾಗಿದ್ದಾಗ ಅವನ ಬೆಂಚಿನ ಪಕ್ಕ ನಿಂತು ನೋಡ್ತಾ ಇರ್ತಿದ್ದೆ, ಮಾತಾಡಿದ್ರೆ ಬೈತಿದ್ದ, ಅದಕ್ಕೆ ಸುಮ್ಮನೆ ನಿಲ್ಲೋದು ಅಭ್ಯಾಸ. ಈಗ ಊರಲ್ಲಿ ಮೆಟ್ಟು ಮಾಡೋದನ್ನ ಎಲ್ಲಿ ನೋಡೋಣ? ನೀನು ಮಾಡ್ತಿದ್ದೆ. ಬಂದು ನಿಂತೆ.”

ಆ ಮಾತಿಗೆ ಲೊರೆದಾನಾಳ ಸಿಟ್ಟು ಅರ್ಧ ಇಳಿಯಿತು. ಉಳಿದರ್ಧ ಇನ್ನೂ ಜೋರಾಗಿ ಏರಿತು, ಏಕೆಂದರೆ ಅವಳಿಗೆ ಇನ್ನೊಂದು ಹೊಳೆದಿತ್ತು.

“ಗುಂಡು ನಿಮ್ಮನ್ನೇ ಮೊದಲು ಎಸೆದದ್ದು. ಅಂಗಡಿಯಿಂದಲೂ ಎಸೀತು ಅಲ್ವಾ?”

“ಎಸೀತು.”

“ಹಾಗಾದ್ರೆ ಬೆಫಾನಾದಿಂದ ನಿಮಗೆ ಗೊತ್ತಿತ್ತು! ನಾನು ಬೆಲೆ ಇಳಿಸ್ತಾ, ಏರಿಸ್ತಾ, ಬಾಗಿಲು ತಿರುಗಿಸ್ತಾ, ಹುಚ್ಚಿ ಥರ ಆಡ್ತಿದ್ದೆ. ಪ್ರತಿ ಭಾನುವಾರ ನನ್ನ ಬಾಯಿಗೆ ಪ್ರಸಾದ ಇಟ್ಟು ಕಳಿಸಿದಿರಿ. ಒಂದು ಮಾತು ಹೇಳ್ಬಾರ್ದಿತ್ತಾ?”

“ಹೇಳಿದ್ರೆ ನಾನು ಯಾರು ಅಂತ ಹೇಳ್ಬೇಕಾಗ್ತಿತ್ತು,” ಎಂದರು ಪಾದ್ರಿಗಳು ನೆಲ ನೋಡುತ್ತಾ. “ಬಿಷಪ್ಪರ ಕಿವಿಗೆ ಬಿದ್ರೆ? ಊರಿನವರು ಕುದುರೆ ಪಾದ್ರಿ ಅಂದ್ರೆ? ಹೆದರಿದೆ. ಇವತ್ತು ನಿಮ್ಮಮ್ಮ ಬಂದು, ನಿನ್ನ ಕಂಪ್ಯೂಟರಿಗೆ ಮಂತ್ರಜಲ ಹಾಕಿ ಅಂದ್ರು. ಮಗಳು ನಾಳೆಯಿಂದ ಚೀಟಿ ಅಂಟಿಸೋಕೆ ಹೋಗ್ತಾಳೆ, ನಾನು ಅವಳನ್ನ ಆಡ್ಕೊಂಡು ಆಡ್ಕೊಂಡು ಹಾಳು ಮಾಡ್ದೆ ಅಂತ ಅತ್ರು. ನಂಗೆ ತಡಕೊಳ್ಳೋಕಾಗ್ಲಿಲ್ಲ. ಮಂತ್ರಜಲದಿಂದ ಇದು ರಿಪೇರಿ ಆಗಲ್ಲ, ನಾನೂ ಅಲ್ಲಿಗೆ ಹೋಗ್ತಿರ್ತೀನಿ ಅಂದೆ. ಹಾಗಾದ್ರೆ ನಂಗೂ ಒಂದು ಅವತಾರ ಮಾಡ್ಕೊಡಿ, ಒಂದು ಜೊತೆ ತಗೋತೀನಿ ಅಂದ್ರು.”

“ನಾನೆಲ್ಲಿ ಅತ್ತೆ?” ಎಂದು ಎರ್ಮೀನಿಯಾ ಗುಡುಗಿದಳು. “ಧೂಪದ ಹೊಗೆ. ಅದಿರ್ಲಿ. ನಿಮಗೊಂದು ಪ್ರಾಯಶ್ಚಿತ್ತ ಆಗ್ಬೇಕು. ಇವಳ ಅಂಗಡೀಲಿ ಎರಡು ಜೊತೆ ತಗೊಳ್ಳಿ. ಒಂದು ಜೊತೆ ಸಾಲಲ್ಲ, ಕುದುರೆಗೆ ನಾಲ್ಕು ಕಾಲು.”

“ಕಾಲು ಮನುಷ್ಯನದೇ, ತಲೆ ಮಾತ್ರ...”

“ಎರಡು ಜೊತೆ!”

ದೋನ್ ಉಬಾಲ್ದೊ ಆಯಿತೆಂದು ತಲೆ ಬಾಗಿಸಿದರು. ಊರಿನಲ್ಲಿ ಅವರ ಹೆಸರು ಈಗ ಏನಾಗಿದೆ ಎಂದು ಬೇರೆ ಹೇಳಬೇಕಿಲ್ಲ. ಅವತ್ತಿನಿಂದ ಅವರ ಪ್ರವಚನಕ್ಕೆ ಜನ ಎದ್ದು ಕೂತು ಕೇಳುತ್ತಾರೆ, ಎಲ್ಲಿ ಕೆನೆದುಬಿಡುತ್ತಾರೋ ಎಂಬ ಆಸೆಯಿಂದ.

ಲೊರೆದಾನಾ ಮೇಲಿನ ಕೋಣೆಗೆ ಹಾರಿ ಕಾವಲು ಗುಂಡನ್ನು ಕಿತ್ತು ಎಸೆದಳು. ತೆಗೆದಿಟ್ಟ ಮೆಟ್ಟುಗಳನ್ನು ಒಂದೊಂದಾಗಿ ಮತ್ತೆ ಕಪಾಟಿಗೆ ಏರಿಸಿದಳು. ಮೇಜಿನ ಇನ್ನೊಂದು ತುದಿಯಲ್ಲಿ ಪಾದ್ರಿಗಳು ತಮ್ಮ ಲ್ಯಾಪ್‌ಟಾಪು ತೆರೆದು ಎರ್ಮೀನಿಯಾಳ ಮುಂದಿಟ್ಟರು. ಮುದುಕಿಯ ಅವತಾರ ತೆರೆಯ ಮೇಲೆ ಎದ್ದು ನಿಂತಿತು. ಇಪ್ಪತ್ತರ ಹುಡುಗಿ, ಹಸಿರು ಕೂದಲು, ಬರಿಗಾಲು.

“ಹಸಿರು ಕೂದಲು ನಾನ್ ಕೇಳಿದ್ದಲ್ಲ,” ಎಂದಳು ಎರ್ಮೀನಿಯಾ. “ಇವರೇನೋ ಒತ್ತಿದ್ರು.”

ಹಸಿರು ಕೂದಲಿನ ಹುಡುಗಿ ಅಂಗಡಿಗೆ ಬಂದಳು. ಮೊದಲು ಬಾಗಿಲಿಗೆ ಮುಖ ಹೊಡೆದುಕೊಂಡಳು, ಆಮೇಲೆ ಒಳಗೆ ಹೋದಳು. ಹತ್ತು ಎಣಿಸುವಷ್ಟು ಹೊತ್ತಾಯಿತು, ಇಪ್ಪತ್ತು ಎಣಿಸುವಷ್ಟು ಹೊತ್ತಾಯಿತು. ಯಾರೂ ಅವಳನ್ನು ಎಸೆಯಲಿಲ್ಲ. ಅವಳು ನೇರವಾಗಿ ಕೆಂಪು ಜೋಡಿನ ಕಪಾಟಿನ ಮುಂದೆ ನಿಂತಳು.

“ಇದೇ. ನೀರಿಗೆ ಬೀಳೋ ಮುಂಚೆ ನೋಡಿದ್ದು ಇದನ್ನೇ.” ಎರ್ಮೀನಿಯಾ ಕನ್ನಡಕ ಏರಿಸಿಕೊಂಡು ತೆರೆಗೆ ಮೂಗು ತಾಗುವಷ್ಟು ಬಗ್ಗಿದಳು. “ಹಿಮ್ಮಡಿ ಹತ್ರ ಜೋಡಿ ಹೊಲಿಗೆ, ಕೊನೇಲಿ ಒಂದು ಗಂಟು ಒಳಗೆ ತಿರುಗಿಸಿ. ಇದು ನನ್ನ ಹೊಲಿಗೆ ಕಣೇ.”

“ನಿಂದೇ,” ಎಂದಳು ಲೊರೆದಾನಾ. “ಎಲ್ಲಾ ಜೋಡಲ್ಲೂ ಹಾಗೇ ಮಾಡ್ತೀನಿ.”

“ನಂಗೆ ಹೇಳೇ ಇಲ್ಲ.”

“ಕಾಲಿಲ್ದೋರ ಮೆಟ್ಟು ಅಂತಿದ್ದೆ. ಏನಂತ ಹೇಳ್ಲಿ?”

ಮುದುಕಿ ತೆರೆಯ ಮೇಲಿನ ಆ ಗಂಟನ್ನು ಬೆರಳಿನಿಂದ ಸವರಿದಳು. ಪುಕ್ಕಟೆಯಾಗಿ ಕೊಡುತ್ತೇನೆ ಎಂದು ಲೊರೆದಾನಾ ಕೀಲಿಮಣೆಗೆ ಕೈ ಚಾಚಿದಳು. ಎರ್ಮೀನಿಯಾ ಆ ಕೈಗೆ ಪಟ್ಟೆಂದು ಹೊಡೆದಳು.

“ಕೊಟ್ಟೇ ತಗೊಳ್ತೀನಿ. ಪಾದ್ರಿಗಳೇ, ಒತ್ತಿ. ಎಷ್ಟಾಯ್ತೋ ಆಮೇಲೆ ನಾನು ಹುಂಡಿಗೆ ಹಾಕೋ ಕಾಣಿಕೇಲಿ ಮುರ್ಕೊಳ್ಳಿ.”

ಪಾದ್ರಿಗಳು ಒತ್ತಿದರು. ಲೊರೆದಾನಾಳ ಕಂಪ್ಯೂಟರಿನಲ್ಲಿ, ಚಳಿಗಾಲವಿಡೀ ಕೇಳಿಸದಿದ್ದ ಗಲ್ಲಾಪೆಟ್ಟಿಗೆಯ ಗಂಟೆ ಟಿಣ್ ಎಂದಿತು. ಹಸಿರು ಕೂದಲಿನ ಹುಡುಗಿಯ ಬರಿಗಾಲಿಗೆ ಕೆಂಪು ಜೋಡು ಬಂದು ಕೂತಿತು, ಅವಳು ಒಂದು ಗೇಣು ಇನ್ನೂ ಎತ್ತರವಾದಳು. ನಡೆಯಲು ಎಲ್ಲಿ ಒತ್ತಬೇಕು ಎಂದು ಪಾದ್ರಿಗಳು ತೋರಿಸಿದರು. ಮುದುಕಿ ಸೊಟ್ಟ ಬೆರಳಿನಿಂದ ಒತ್ತಿ ಹಿಡಿದಳು. ಹುಡುಗಿ ಅಂಗಡಿಯ ಈ ಗೋಡೆಯಿಂದ ಆ ಗೋಡೆಗೆ ಸೊಂಟ ಬಳುಕಿಸಿಕೊಂಡು ನಡೆದಳು. ತಿರುಗಿದಳು. ಮತ್ತೆ ನಡೆದಳು. ಮೇಜಿನ ಕೆಳಗೆ ಎರ್ಮೀನಿಯಾಳ ಊದಿದ ಕಾಲುಗಳು, ಬಟ್ಟೆಯ ಚಪ್ಪಲಿಯೊಳಗೆ, ಅವಳಿಗೆ ಗೊತ್ತಿಲ್ಲದೆ ತಾಳ ಹಾಕುತ್ತಿದ್ದವು.

“ನೋಡೇ ಲೊರೀ,” ಎಂದಳು ಎರ್ಮೀನಿಯಾ. ಜೀವಮಾನದಲ್ಲಿ ಇಷ್ಟು ಮೆಲ್ಲಗೆ ಅವಳು ಮಾತಾಡಿದ್ದನ್ನು ಮಗಳು ಕೇಳಿರಲಿಲ್ಲ. “ಒಂಚೂರೂ ನೋಯ್ತಾ ಇಲ್ಲ.”

ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಗ್ವೀದೊ.

“ನಾಳೆ ಎಷ್ಟೊತ್ತಿಗೆ ಬರ್ತೀಯ ಲೊರೆದಾನಾ? ಅಂಕೋನಾಕ್ಕೆ ಮಾಲು ಬಂದಿದೆ.”

“ನಾಳೆ ಬರಲ್ಲ ಗ್ವೀದೊ,” ಎಂದಳು ಅವಳು, ಕಣ್ಣನ್ನು ತೆರೆಯಿಂದ ತೆಗೆಯದೆ. “ನಾಡಿದ್ದೂ ಬರಲ್ಲ. ಆಮೇಲೆ ಮಾತಾಡ್ತೀನಿ. ಅಂಗಡೀಲಿ ಗಿರಾಕಿ ಇದ್ದಾರೆ.”